ನೀರು ಕಾಣದ ಗಿಟಾರ್

ಪೆಟ್ಟಿಗೆಯ ಮೂರನೆಯ ಚಿಲಕ ಬಿಡಿಸಿ ಮುಚ್ಚಳ ಎತ್ತಿದಾಗಲೇ ನನಗೆ ಗೊತ್ತಾಗಿಹೋಯಿತು.

ಗಿಟಾರನ್ನು ನಾನಿನ್ನೂ ಸರಿಯಾಗಿ ನೋಡಿರಲಿಲ್ಲ. ನೋಡಿದ್ದು ಮುಚ್ಚಳದ ಒಳಗಿನ ಕೆಂಪು ಮಖಮಲ್ಲನ್ನು. ಅದರ ಬಲಮೂಲೆಯಲ್ಲಿ ಒಂದು ದುಂಡನೆಯ ಕಪ್ಪು ಕಲೆ. ಆರು ವರ್ಷದ ಹುಡುಗಿಯೊಬ್ಬಳು ಬೂಟ್ ಪಾಲಿಶಿನ ಡಬ್ಬಿಯನ್ನು ಅಲ್ಲಿ ಒತ್ತಿ ಮಾಡಿದ ಕಲೆ. ಅವತ್ತು ಅವಳಿಗೆ ಏಟು ಬೀಳಲಿಲ್ಲ. ಅವಳಪ್ಪ ನಕ್ಕುಬಿಟ್ಟಿದ್ದ. "ಹೋಗ್ಲಿ ಬಿಡು. ಇನ್ನು ಎಲ್ಲಿ ಕಳೆದ್ರೂ ನಮ್ಮದು ಅಂತ ಗುರುತು ಸಿಗತ್ತೆ" ಅಂದಿದ್ದ.

ಆ ಹುಡುಗಿ ನಾನು.

"ಏನ್ ಮೇಡಂ, ಬರೀ ಪೆಟ್ಟಿಗೇನೇ ನೋಡ್ತಾ ಕೂತ್ರಿ? ಒಳಗಿರೋದಕ್ಕೂ ಒಂಚೂರು ಬೆಲೆ ಕಟ್ಟಿ" ಎಂದ ಮೇಜಿನ ಆಚೆ ನಿಂತವನು.

ಗಾರ್ಲನ್ ಟೀಗ್. ನಿನ್ನೆ ಫೋನಿನಲ್ಲಿ ಅವನೇ ಆ ಹೆಸರು ಹೇಳಿದಾಗ ರಿಸೀವರನ್ನು ಇನ್ನೊಂದು ಕಿವಿಗೆ ಬದಲಾಯಿಸಿ ಮತ್ತೊಮ್ಮೆ ಹೇಳಿಸಿಕೊಂಡಿದ್ದೆ. ಒಂದು ಕಾಲದಲ್ಲಿ ನನ್ನಪ್ಪನ ಬ್ಯಾಂಡಿನಲ್ಲಿ ಹಾಡುತ್ತಿದ್ದವನು. ಈಗ ಅರವತ್ತು ದಾಟಿದೆ. ಗಂಜಿ ಹಾಕಿದ ಬಿಳಿ ಅಂಗಿ, ಚೂಪು ಮೂತಿಯ ಹಾವಿನ ಚರ್ಮದ ಬೂಟು, ಹಲ್ಲುಗಳ ನಡುವೆ ಕಡ್ಡಿ. ನನ್ನ ಗುರುತು ಅವನಿಗೆ ಹತ್ತಿರಲಿಲ್ಲ. ಅಂಗಡಿಯ ಹಲಗೆಯ ಮೇಲೆ ಇರುವುದು ನನ್ನ ಗಂಡನ ಮನೆಯ ಹೆಸರು.

ಇಪ್ಪತ್ತಮೂರು ವರ್ಷದ ಹಿಂದೆ, ಅಕ್ಟೋಬರಿನ ಒಂದು ಶನಿವಾರ, ಡ್ಯಾನ್ಸ್ ಹಾಲಿನಿಂದ ಹೊರಟ ನನ್ನಪ್ಪ ಎಮಿಲ್ ಓರ್ಸಾಕ್ ಮನೆಗೆ ಬರಲಿಲ್ಲ. ಅವನ ಕಾರು ಲವಾಕಾ ನದಿಯ ತಗ್ಗು ಸೇತುವೆಯ ಕೆಳಗೆ ಸಿಕ್ಕಿತು. ನದಿ ತುಂಬಿ ಹರಿಯುತ್ತಿತ್ತು. ಹನ್ನೊಂದು ದಿನಗಳ ಮೇಲೆ ಎರಡು ಮೈಲಿ ಕೆಳಗೆ ಅವನ ಎಡಗಾಲಿನ ಬೂಟು ಸಿಕ್ಕಿತು. ಮೈ ಸಿಗಲಿಲ್ಲ, ಗಿಟಾರ್ ಸಿಗಲಿಲ್ಲ. ನಾವು ಬೂಟನ್ನೇ ಶವಪೆಟ್ಟಿಗೆಯಲ್ಲಿಟ್ಟು ಮಣ್ಣು ಮಾಡಿದೆವು.

ಅದು ಬೇರೆಯವರ ಬೂಟು ಆಗುವಂತಿರಲಿಲ್ಲ. ಎಣ್ಣೆ ಬಾವಿಯಲ್ಲಿ ಕೆಲಸ ಮಾಡುವಾಗ ಕಬ್ಬಿಣದ ಕೊಳವೆ ಬಿದ್ದು ಅಪ್ಪನ ಎಡಪಾದ ಅರ್ಧಕ್ಕೇ ಹೋಗಿತ್ತು. ಚಮ್ಮಾರ ಬೂಟಿನ ಮುಂಭಾಗಕ್ಕೆ ಮರದ ತುಂಡು ತುಂಬಿ, ಸವೆಯದಿರಲಿ ಎಂದು ಮೂತಿಗೆ ಅರ್ಧಚಂದ್ರದಂಥ ತಾಮ್ರದ ಪಟ್ಟಿ ಹೊಡೆದುಕೊಟ್ಟಿದ್ದ. ಅಪ್ಪ ನಡೆದು ಬರುವ ಸದ್ದು ಹಾಸಿಗೆಯಲ್ಲಿದ್ದರೂ ಗೊತ್ತಾಗುತ್ತಿತ್ತು. ಒಂದು ಉದ್ದ ಹೆಜ್ಜೆ, ಒಂದು ಮೋಟು ಹೆಜ್ಜೆ.

"ಹೊರಗೆ ನಿಮ್ಮ ಟ್ರಕ್ಕಲ್ಲಿ ಯಾರೋ ಕೂತಿದಾರೆ" ಎಂದೆ. "ಬಿಸಿಲಲ್ಲಿ ಬೆಂದುಹೋಗ್ತಾರೆ, ಒಳಗೆ ಕರೀರಿ."

ಟೀಗ್ ಕಿಟಕಿಯತ್ತ ನೋಡಿದ. ಜಲ್ಲಿಯ ಅಂಗಳದಲ್ಲಿ ಹಸಿರು ಟ್ರಕ್ಕು. ಪಕ್ಕದ ಸೀಟಿನಲ್ಲಿ ಟೋಪಿಯನ್ನು ಮುಖದ ಮೇಲೆಳೆದುಕೊಂಡು ಒಬ್ಬ ಮುದುಕ ಒರಗಿದ್ದ.

"ನಮ್ಮ ಭಾವಮೈದ. ಇಂಜಿನ್ ಆಫ್ ಮಾಡಿಲ್ಲ, ಒಳಗೆ ತಣ್ಣಗಿದೆ. ಜನ ಅಂದ್ರೆ ಆಗಲ್ಲ ಅವನಿಗೆ. ನೀವು ನಿಮ್ಮ ಕೆಲಸ ನೋಡಿ."

ನಾನು ಕೆಲಸ ನೋಡಿದೆ.

ಸ್ಯಾನ್ ಆಂಟೋನಿಯೋದ ಓಟೋ ಲೋಮನ್ ತನ್ನ ಜೀವಮಾನದಲ್ಲಿ ಮಾಡಿದ್ದು ನಲವತ್ತು ಪೆಡಲ್ ಸ್ಟೀಲ್ ಗಿಟಾರುಗಳನ್ನು, ಮೇಜಿನಂತೆ ಕಾಲುಗಳ ಮೇಲೆ ನಿಲ್ಲಿಸಿ, ಕೂತು, ಪಾದದಿಂದ ಪೆಡಲು ಒತ್ತಿ ನುಡಿಸುವಂಥವನ್ನು. 'ಲೋಮನ್ ಗಿಟಾರುಗಳನ್ನು ಕೊಳ್ಳುತ್ತೇವೆ, ಯಾವ ಸ್ಥಿತಿಯಲ್ಲಿದ್ದರೂ ಸರಿ, ಬೆಲೆ ಕಟ್ಟುವುದು ಉಚಿತ' ಎಂದು ಹನ್ನೆರಡು ವರ್ಷದಿಂದ ವಾದ್ಯಗಾರರ ಪತ್ರಿಕೆಯಲ್ಲಿ ಜಾಹೀರಾತು ಕೊಡುತ್ತಿದ್ದೇನೆ. ಹತ್ತೊಂಬತ್ತು ಗಿಟಾರುಗಳು ಈ ಮೇಜಿನ ಮೇಲೆ ಬಂದು ಹೋಗಿದ್ದವು. ನಾನು ಕಾಯುತ್ತಿದ್ದದ್ದು ಒಂದಕ್ಕೆ.

ಪೆಟ್ಟಿಗೆಯಿಂದ ಎತ್ತಿ ಬೋರಲು ಮಲಗಿಸಿದೆ. ಕಾಲುಗಳು, ಪೆಡಲುಗಳ ಪಟ್ಟಿ, ಸರಳುಗಳು ಎಲ್ಲ ಬಿಚ್ಚಿ ಟವೆಲ್ಲಿನಲ್ಲಿ ಸುತ್ತಿ ಪೆಟ್ಟಿಗೆಯ ಇನ್ನೊಂದು ಅರೆಯಲ್ಲಿದ್ದವು. ಅವನ್ನು ಹಾಗೇ ಬಿಟ್ಟೆ. ನನಗೆ ಬೇಕಿದ್ದದ್ದು ಹೊಟ್ಟೆಯ ಒಳಭಾಗ.

ಅಲ್ಲಿ, ಮೇಪಲ್ ಮರದ ಮೇಲೆ, ಪೆನ್ಸಿಲಿನಲ್ಲಿ ಬರೆದ ಅಂಕಿಗಳಿದ್ದವು. ಯಾವ ಪೆಡಲು ಯಾವ ತಂತಿಯನ್ನು ಎಷ್ಟು ಎಳೆಯಬೇಕು ಎಂಬ ಲೆಕ್ಕ. ಒಂದೊಂದು ಏಳರ ನಡುವಿಗೂ ಒಂದು ಅಡ್ಡಗೆರೆ. ಚೆಕ್ ದೇಶದಿಂದ ಬಂದ ನಮ್ಮ ಮುದುಕರು ಏಳನ್ನು ಬರೆಯುವುದು ಹಾಗೆ. ನಾನೂ ಹಾಗೇ ಬರೆಯುತ್ತೇನೆ. ಕಲಿಸಿದವನು ಅಪ್ಪ.

ಮೇಜಿನ ಡ್ರಾಯರನ್ನು ಮೊಣಕಾಲಿನಿಂದ ನಾಲ್ಕು ಬೆರಳಷ್ಟು ತೆರೆದೆ. ಒಳಗೆ ಅಮ್ಮನ ರಿವಾಲ್ವರ್ ಇತ್ತು.

ಹಿಂದಿನ ಕೋಣೆಯ ಪರದೆಯ ಆಚೆ ಕಾಫಿ ಹೀರಿದ ಸದ್ದು ಕೇಳಿಸಿತು. ಅಲ್ಲಿ ಕೂತಿದ್ದವರು ರಾಯ್ಸ್ ಟಿಡ್‌ವೆಲ್. ಆಗ ಪೊಲೀಸ್ ಡೆಪ್ಯುಟಿ, ಈಗ ನಿವೃತ್ತರು. ಅಪ್ಪನ ಬೂಟನ್ನು ಕೆಸರಿನಿಂದ ಎತ್ತಿ ತಂದವರು ಅವರೇ. ಬೆಳಿಗ್ಗೆ ಬರುವಾಗ ಗಸಗಸೆ ತುಂಬಿದ ಕೊಲಾಚಿ ಬನ್ನು ಕಟ್ಟಿಸಿಕೊಂಡು ಬಂದು, ನನ್ನ ಕೈಗೆ ಒಂದನ್ನಿಟ್ಟು, ಮೆಲ್ಲಗೆ ಹೇಳಿದ್ದರು. "ನೋಡು ತಾಯಿ, ಗಿಟಾರ್ ಸಿಕ್ಕಿದ್ರೆ ಕಳ್ಳ ಸಿಕ್ಕಿದ ಹಾಗೆ, ಅಷ್ಟೇ. ನಿಮ್ಮಪ್ಪ ಹೋದ ದಿನ ಮಧ್ಯಾಹ್ನವೇ ಬೋಮಾಂಟಿಗೆ ಹೋಗಿದ್ದೆ ಅಂತ ಟೀಗ್ ಆಗಲೇ ನಮಗೆ ಬರಕೊಟ್ಟಿದಾನೆ. ಇಲ್ಲಿದ್ದೆ ಅಂತ ಅವನ ಬಾಯಲ್ಲೇ ಬರಬೇಕು. ಬೈದ್ರೆ ಬರಲ್ಲ. ಬೇರೆ ಏನಾದ್ರೂ ದಾರಿ ನೋಡು."

ದಾರಿ ನನಗೆ ಗೊತ್ತಿತ್ತು. ನನಗೆ ಬರುವ ವಿದ್ಯೆ ಒಂದೇ, ಬೆಲೆ ಕಟ್ಟುವುದು.

"ಎಲ್ಲಿ ಸಿಕ್ತು ಇದು?"

"ಬೋಮಾಂಟಲ್ಲಿ. ಗಿರವಿ ಅಂಗಡೀಲಿ. ಎಪ್ಪತ್ತಾರರಲ್ಲಿ ಇರಬೇಕು."

"ಇಷ್ಟು ವರ್ಷ ಇಟ್ಕೊಂಡು ಈಗ್ಯಾಕೆ ಮಾರ್ತೀರಿ?"

"ನುಡಿಸೋ ಕೈ ನಡುಗೋಕೆ ಶುರುವಾಯ್ತಲ್ಲ, ಇನ್ನೇನು ಮಾಡೋದು."

ಹಾಗೆಂದು ಬಾಯಿಯ ಕಡ್ಡಿಯನ್ನು ತೆಗೆದು ಎರಡು ಬೆರಳಲ್ಲಿ ಹಿಡಿದ. ಕಡ್ಡಿಯ ತುದಿ ಅಲುಗಲಿಲ್ಲ. ನಾನು ಅದನ್ನು ನೋಡಿದೆ. ನೋಡಿಯೂ ಅದರ ಬಗ್ಗೆ ಯೋಚಿಸಲಿಲ್ಲ. ಎದುರಾಳಿಯ ಗಂಟಲನ್ನೇ ದಿಟ್ಟಿಸುತ್ತಿರುವವಳಿಗೆ ಅವನ ಬೆರಳುಗಳ ಮೇಲೆ ಎಷ್ಟು ಗಮನವಿದ್ದೀತು?

"ಐನೂರು ಡಾಲರ್" ಎಂದೆ.

ಅವನು ನಕ್ಕ. ಆಮೇಲೆ ನಾನು ನಗುತ್ತಿಲ್ಲ ಎಂದು ಕಂಡಿತು. "ತಮಾಷೆ ಮಾಡ್ತಿದೀರಾ? ಹೋದ ವರ್ಷ ಆಸ್ಟಿನ್ನಲ್ಲಿ ಒಂದು ಲೋಮನ್ ನಾಲ್ಕು ಸಾವಿರಕ್ಕೆ ಹೋಯ್ತು."

"ಹೋಯ್ತು. ಮಾರಿದವಳು ನಾನೇ. ಅದು ನೀರಿಗೆ ಬಿದ್ದಿರಲಿಲ್ಲ."

"ಅಂದ್ರೆ?"

"ಇದು ಇಪ್ಪತ್ತೇಳನೇ ನಂಬರಿನ ಗಿಟಾರ್. ಲೋಮನ್ ಬಗ್ಗೆ ಗೊತ್ತಿರೋರಿಗೆಲ್ಲ ಇದರ ಕತೆ ಗೊತ್ತು. ಎಪ್ಪತ್ತೊಂದರಲ್ಲಿ ಲವಾಕಾ ನದೀಲಿ ಒಬ್ಬನ ಜೊತೆ ಮುಳುಗಿದ್ದು. ಯಾರೋ ಮೀನುಗಾರ ಎತ್ತಿ, ಒಣಗಿಸಿ, ಗಿರವಿ ಇಟ್ಟಿರ್ತಾನೆ. ಮುಳುಗಿದ ಗಿಟಾರಿಗೆ ಐನೂರೇ ಹೆಚ್ಚು."

"ಇದು ಮುಳುಗಿಲ್ಲ."

"ನೀವು ಹೆಂಗೆ ಹೇಳ್ತೀರಿ? ಎಪ್ಪತ್ತಾರಕ್ಕೆ ಮುಂಚೆ ಇದು ಎಲ್ಲಿತ್ತೋ ನಿಮಗೇನು ಗೊತ್ತು?"

ಅವನ ಕುತ್ತಿಗೆ ಕೆಂಪಾಗತೊಡಗಿತು. ಸ್ಟೀಲ್ ನುಡಿಸುವವರ ಜಾತಿಯೇ ಬೇರೆ. ಹೆಂಡತಿಯ ಬಗ್ಗೆ ಏನಂದರೂ ನಕ್ಕು ಸುಮ್ಮನಿರುತ್ತಾರೆ, ಗಿಟಾರಿನ ಬಗ್ಗೆ ಅಂದರೆ ತಡೆಯುವುದಿಲ್ಲ. ಬ್ಯಾಂಡಿನಲ್ಲಿ ಹಾಡಿಕೊಂಡಿದ್ದವರಿಗೂ ಆ ಚಾಳಿ ಅಂಟಿಕೊಂಡಿರುತ್ತದೆ.

"ಬನ್ನಿ ಇಲ್ಲಿ, ನೋಡಿ" ಎಂದು ಮೇಜು ಸುತ್ತಿ ಬಂದ. "ನೀರಿಗೆ ಬಿದ್ದಿದ್ರೆ ಮರದ ಪದರ ಬಿಡ್ತಿರಲಿಲ್ವಾ? ಈ ಸ್ಕ್ರೂ ಸುತ್ತ ತುಕ್ಕಿನ ಕಲೆ ಎಲ್ಲಿದೆ ತೋರ್ಸಿ. ಮಖಮಲ್ಲು ನೋಡಿ, ಮೊನ್ನೆ ಹೊಲಿದ ಹಾಗಿದೆ. ಇಷ್ಟು ವರ್ಷ ಅಂಗಡಿ ನಡೆಸಿದೀರಂತೆ, ಇಷ್ಟೂ ಗೊತ್ತಾಗಲ್ವಾ ನಿಮಗೆ?"

"ಪೆಟ್ಟಿಗೆ ಬೇರೆ ಇರಬಹುದು. ಸ್ಕ್ರೂ ಬದಲಾಯಿಸಿರಬಹುದು. ತೇವ ಒಳಗೇ ಕೂತಿರತ್ತೆ. ಇನ್ನೆರಡು ವರ್ಷಕ್ಕೆ ಮರ ಬಾಯಿ ಬಿಡತ್ತೆ."

"ಬಿಡಲ್ಲ!"

"ನಾನೂರೈವತ್ತು."

"ಏನಮ್ಮಾ ನೀನು, ಇದು ಆ ಕಾರಲ್ಲಿ ಇರಲೇ ಇಲ್ಲ! ಕಾರು ನೀರಿಗೆ ಹೋಗೋ ಮುಂಚೇನೇ ನಾನೇ ಕೈಯಾರೆ ನನ್ನ ಗಾಡಿಗೆ..."

ಅಲ್ಲಿ ನಿಂತುಬಿಟ್ಟ.

ಗೋಡೆಯ ಫ್ಯಾನು ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು. ಈ ಮೌನಕ್ಕಾಗಿ ನಾನು ಇಪ್ಪತ್ತಮೂರು ವರ್ಷ ಬದುಕಿದ್ದೆ. ಇದು ಬಂದಾಗ ಏನನ್ನಿಸುತ್ತದೆ ಎಂದು ಎಷ್ಟೋ ಸಲ ಊಹಿಸಿದ್ದೆ. ಬಾಯಿ ಒಣಗಿತು, ಅಷ್ಟೇ.

ಪರದೆ ಸರಿಯಿತು. ರಾಯ್ಸ್ ಕಾಫಿಯ ಲೋಟ ಹಿಡಿದೇ ಹೊರಗೆ ಬಂದರು. ಮೀಸೆಯಲ್ಲಿ ಗಸಗಸೆ ಅಂಟಿಕೊಂಡಿತ್ತು.

"ಮಾತು ಮುಗಿಸಪ್ಪಾ ಗಾರ್ಲನ್. ಬೋಮಾಂಟಲ್ಲಿ ಕೂತ್ಕೊಂಡು ಲವಾಕಾ ದಂಡೆ ಮೇಲಿನ ಕಾರಿಂದ ಗಿಟಾರ್ ಇಳಿಸಿದೆಯಲ್ಲ, ಅಷ್ಟುದ್ದ ಕೈ ಎಲ್ಲಿ ಮಾಡಿಸ್ಕೊಂಡೆ?"

ಟೀಗ್ ಅವರನ್ನು ನೋಡಿದ. ಗುರುತು ಹಿಡಿಯಲು ಒಂದು ಕ್ಷಣ ಬೇಕಾಯಿತು. "ಟಿಡ್‌ವೆಲ್. ನೀವಿನ್ನೂ ಇದೀರಾ?"

"ನಿನಗೋಸ್ಕರ ಇದೀನಿ."

"ಮತ್ತೆ ಈಕೆ?"

"ನೆಡ್ರಾ" ಎಂದೆ. "ಎಮಿಲ್ ಓರ್ಸಾಕನ ಮಗಳು. ನನ್ನ ಹುಟ್ಟಿದಹಬ್ಬಕ್ಕೆ ಬಂದು ಎರಡು ತುಂಡು ಕೇಕ್ ತಿಂದು ಹೋಗಿದ್ದೆ ನೀನು. ಅದಾಗಿ ಮೂರೇ ವಾರಕ್ಕೆ ನಮ್ಮಪ್ಪನ್ನ ಕೊಂದೆ."

ಅವನು ಬೆದರುತ್ತಾನೆ ಎಂದುಕೊಂಡಿದ್ದೆ. ಬೈಯುತ್ತಾನೆ, ಬಾಗಿಲಿಗೆ ಓಡುತ್ತಾನೆ ಎಂದುಕೊಂಡಿದ್ದೆ. ಓಡಲಿ ಎಂದೂ ಬಯಸಿದ್ದೆ, ಯಾಕೆಂದರೆ ಡ್ರಾಯರ್ ತೆರೆದಿತ್ತು. ಆದರೆ ಅವನು ಸ್ಟೂಲನ್ನು ಎಳೆದುಕೊಂಡು ನಿಧಾನವಾಗಿ ಕೂತ. ಮತ್ತೆ ಕಿಟಕಿಯತ್ತ ನೋಡಿದ.

"ಎಮಿಲನ ಮಗಳು" ಎಂದ, ತನಗೇ ಹೇಳಿಕೊಳ್ಳುವಂತೆ. "ದೇವರೇ. ಬೋರ್ಡಲ್ಲಿ ಬೇರೆ ಹೆಸರಿತ್ತಲ್ಲ."

"ಅದಕ್ಕೇ ಬಂದೆ ನೀನು. ಇಲ್ಲದಿದ್ರೆ ಬರ್ತಿದ್ದೆಯಾ?"

"ಹೆಂಗೆ ಕೊಂದೆ ಹೇಳು" ಎಂದರು ರಾಯ್ಸ್. "ಹಾಲಿನ ಹಿಂದೇನಾ, ಸೇತುವೆ ಹತ್ತಿರಾನಾ?"

ಟೀಗ್ ಅಡ್ಡಡ್ಡ ತಲೆಯಾಡಿಸಿದ. "ನಾನು ಒಬ್ಬರಿಗೆ ಮಾತು ಕೊಟ್ಟಿದೀನಿ. ಇಷ್ಟು ವರ್ಷ ಬಾಯಿ ಬಿಟ್ಟಿಲ್ಲ, ಈಗಲೂ ಬಿಡಲ್ಲ." ಆಮೇಲೆ ನನ್ನತ್ತ ತಿರುಗಿದ. "ಆದ್ರೆ ನೀನಿನ್ನೂ ಬೆಲೆ ಕಟ್ಟಿಲ್ಲವಲ್ಲ."

"ಕಟ್ಟಿದೀನಿ. ನೀನೇ ಈಗ ಕೊಡ್ತೀಯ."

"ಇಲ್ಲ ಇಲ್ಲ. ಕಾಲು ಜೋಡಿಸದೆ, ಪೆಡಲ್ ಹಾಕದೆ, ಮಲಗಿಸಿದ ಗಿಟಾರಿಗೆ ಬೆಲೆ ಕಟ್ಟೋರನ್ನ ಇದೇ ಮೊದಲು ನೋಡ್ತಿರೋದು. ನಿಮ್ಮಪ್ಪ ಇದ್ದಿದ್ರೆ ಕಿವಿ ಹಿಂಡ್ತಿದ್ದ. ನಿಲ್ಲಿಸು ಅದನ್ನ. ನಾನು ಬಾಯಿ ಬಿಡಲ್ಲ ಅಂದೆ. ಗಿಟಾರೇ ಬಾಯಿ ಬಿಟ್ರೆ ಅದು ನನ್ನ ತಪ್ಪಲ್ಲ."

ಕಪಾಳಕ್ಕೆ ಹೊಡೆದಂತಾಯಿತು. ಅವನು ಹೇಳಿದ್ದು ನಿಜ. ಯಾವ ಹೊಸಬನೂ ಮಾಡದ ತಪ್ಪನ್ನು ನಾನು ಮಾಡಿದ್ದೆ. ಪೆಡಲ್ ಸ್ಟೀಲನ್ನು ನಿಲ್ಲಿಸಿ, ಪೆಡಲು ಒತ್ತಿ, ತಂತಿಯ ಸ್ವರ ಎಷ್ಟು ಏರುತ್ತದೆ, ಮರ ಎಷ್ಟು ಬಗ್ಗುತ್ತದೆ ಎಂದು ನೋಡದೆ ಯಾರೂ ಒಂದು ಪೈಸೆಯನ್ನೂ ಹೇಳುವುದಿಲ್ಲ. ನಾನು ಗಿಟಾರಿಗೆ ಬೆಲೆ ಕಟ್ಟಲು ಹೋಗಿರಲೇ ಇಲ್ಲ.

"ನಿಲ್ಲಿಸು, ನೆಡ್ರಾ" ಎಂದರು ರಾಯ್ಸ್. "ನಾಳೆ ಕೋರ್ಟಲ್ಲೂ ಇದನ್ನೇ ಕೇಳ್ತಾರೆ. ನಿಮ್ಮಪ್ಪಂದೇ ಅಂತ ಎಷ್ಟು ಗುರುತು ಸಿಕ್ಕಿದ್ರೂ ಒಳ್ಳೇದೇ. ಇವನು ಎಲ್ಲೂ ಹೋಗಲ್ಲ." ಅವರು ಬಾಗಿಲಿಗೆ ಒರಗಿ ನಿಂತರು.

ನಾಲ್ಕು ಕಾಲುಗಳನ್ನು ತಿರುಗಿಸಿ ಬಿಗಿದೆ. ಗಿಟಾರನ್ನು ಎತ್ತಿ ನಿಲ್ಲಿಸಿದೆ. ಟವೆಲ್ಲು ಬಿಚ್ಚಿ ಪೆಡಲುಗಳ ಪಟ್ಟಿಯನ್ನು ಮುಂದಿನ ಎರಡು ಕಾಲುಗಳ ನಡುವೆ ಕೂರಿಸಿದೆ. ಸರಳುಗಳನ್ನು ಒಂದೊಂದಾಗಿ ಕೊಕ್ಕೆಗೆ ಸಿಕ್ಕಿಸಿದೆ. ಕೈಗಳು ತಮ್ಮಷ್ಟಕ್ಕೆ ಕೆಲಸ ಮಾಡುತ್ತಿದ್ದವು. ಕೂತು, ಎಡಗೈಯಲ್ಲಿ ಉಕ್ಕಿನ ತುಂಡನ್ನು ತಂತಿಗಳ ಮೇಲಿಟ್ಟು, ಮೊದಲ ಪೆಡಲನ್ನು ಒತ್ತಿದೆ.

ತಪ್ಪು ತಂತಿ ಏರಿತು.

ಅಲ್ಲ, ತಪ್ಪಲ್ಲ. ಪೆಡಲುಗಳು ತಿರುಗುಮುರುಗಾಗಿದ್ದವು. ನಮ್ಮ ಕಡೆ ಎಲ್ಲರೂ ಎಡಕ್ಕೆ ಹಾಕಿಸಿಕೊಳ್ಳುವುದನ್ನು ಅಪ್ಪ ಬಲಕ್ಕೆ ಹಾಕಿಸಿಕೊಂಡಿದ್ದ. ಅರ್ಧ ಪಾದಕ್ಕೆ ಹಾಗೆಯೇ ಅನುಕೂಲ. ಬೇರೆ ಯಾರು ಕೂತರೂ ಅವರ ಕಾಲು ತಡವರಿಸುತ್ತದೆ.

"ಬದಲಾಯಿಸೇ ಇಲ್ಲ" ಎಂದೆ. "ಮಿಸ್ಟರ್ ರಾಯ್ಸ್, ಇದು ಅಪ್ಪ ಬಿಟ್ಟ ಹಾಗೇ ಇದೆ."

ಬಗ್ಗಿ ಪೆಡಲುಗಳನ್ನು ನೋಡಿದೆ. ಮಧ್ಯದ ಪೆಡಲಿನ ಮೇಲೆ, ಅಲ್ಯೂಮಿನಿಯಂ ಮೈಯನ್ನು ಕೊರೆದಂತೆ, ಒಂದು ಅರ್ಧಚಂದ್ರ. ಉಗುರು ಇಟ್ಟರೆ ಇಳಿಯುವಷ್ಟು ಆಳ. ತಾಮ್ರದ ಪಟ್ಟಿ ಉಜ್ಜಿ ಉಜ್ಜಿ ಮಾಡಿದ ಗಾಯ.

ಆ ಚಂದ್ರನನ್ನು ಹೆಬ್ಬೆರಳಿಂದ ಸವರಿದೆ. ಸಮಾಧಿಯಲ್ಲಿರುವ ಬೂಟು ಇಲ್ಲಿ ಸಹಿ ಹಾಕಿಟ್ಟಿತ್ತು. ಇದಕ್ಕಿಂತ ಸಾಕ್ಷಿ ಯಾವ ನ್ಯಾಯಾಧೀಶನಿಗೆ ಬೇಕು?

"ಬರ್ಕೊಳ್ಳಿ" ಎಂದೆ. "ಮಧ್ಯದ ಪೆಡಲು, ಎಡಗಾಲಿನ ಬೂಟಿನ ತಾಮ್ರದ ಗುರುತು. ಪೆಡಲಿನ ಕೆಳಗೆ ಲೋಮನ್ ಒಂದು ನಕ್ಷತ್ರ ಒತ್ತಿರ್ತಾನೆ. ಅದನ್ನೂ ಸೇರಿಸೋಣ."

ರಾಯ್ಸ್ ಜೇಬಿನಿಂದ ಪುಸ್ತಕ ತೆಗೆದರು. ನಾನು ಪಿನ್ನು ಎಳೆದು ಪೆಡಲನ್ನು ಬಿಡಿಸಿ ಮಗುಚಿದೆ.

ನಕ್ಷತ್ರ ಇರಲಿಲ್ಲ.

ಸಾಲಾಗಿ ಮೂರು ಚುಕ್ಕೆಗಳಿದ್ದವು.

"ಏನಾಯ್ತು?" ಎಂದರು ರಾಯ್ಸ್.

ಉಳಿದ ಎರಡು ಪೆಡಲುಗಳನ್ನೂ ಬಿಡಿಸಿ ನೋಡಿದೆ. ಎರಡರ ಕೆಳಗೂ ನಕ್ಷತ್ರವಿತ್ತು. ಮಧ್ಯದ್ದಕ್ಕೆ ಮಾತ್ರ ಮೂರು ಚುಕ್ಕೆ. ಬಣ್ಣವೂ ಒಂದು ಛಾಯೆ ತೆಳು. ಆ ಚುಕ್ಕೆಗಳನ್ನು ಹೊಡೆದ ಉಳಿ ಈಗಲೂ ನನ್ನ ಬೆನ್ನ ಹಿಂದಿನ ಗೋಡೆಯಲ್ಲಿ ನೇತಾಡುತ್ತಿತ್ತು.

"ನೆಡ್ರಾ?"

"ಇದು ನಾನು ಮಾಡಿದ ಪೆಡಲು."

"ಅಂದ್ರೆ?"

"ಲೋಮನ್ ಸತ್ತ ಮೇಲೆ ಅವನ ಗಿಟಾರಿಗೆ ಬಿಡಿಭಾಗ ಸಿಗ್ತಿರಲಿಲ್ಲ. ನಾನೇ ಎರಕ ಹೊಯ್ಯೋಕೆ ಶುರು ಮಾಡಿದೆ. ಅಂಚೇಲಿ ಕಳಿಸ್ತಿದ್ದೆ. ಮೂರು ಚುಕ್ಕೆ ನನ್ನ ಗುರುತು."

"ಯಾವಾಗಿಂದ?"

"ಎಂಬತ್ತೈದರಿಂದ."

ರಾಯ್ಸ್ ಬರೆಯುವುದನ್ನು ನಿಲ್ಲಿಸಿದರು. ಪೆನ್ಸಿಲಿನ ತುದಿ ಕಾಗದದ ಮೇಲೇ ಇತ್ತು. ಅವರು ಲೆಕ್ಕ ಹಾಕುತ್ತಿದ್ದದ್ದು ಮುಖದಲ್ಲಿ ಕಾಣುತ್ತಿತ್ತು. ನಾನು ಆಗಲೇ ಹಾಕಿ ಮುಗಿಸಿದ್ದೆ. ಇಷ್ಟು ಆಳದ ಗುರುತು ಮೂಡಬೇಕಾದರೆ ಐದಾರು ವರ್ಷ ವಾರವಾರವೂ ತುಳಿಯಬೇಕು.

"ಆ ಬೂಟನ್ನ ಎಪ್ಪತ್ತೊಂದರಲ್ಲೇ ಹೂತೆವಲ್ಲ" ಎಂದರು ಮೆಲ್ಲಗೆ. "ಹಾಗಾದ್ರೆ ಇದನ್ನ ತುಳಿದಿದ್ದು ಯಾವ ಬೂಟು?"

ಟೀಗನ ಕಾಲು ನೋಡಿದೆ. ಹಾವಿನ ಚರ್ಮದ ಬೂಟುಗಳು, ಉದ್ದಕ್ಕೆ, ಚೂಪಾಗಿ, ಎರಡೂ ಇಡಿಯಾಗಿದ್ದವು. ಎಲ್ಲೂ ತಾಮ್ರವಿಲ್ಲ. ಅವನ ಕೈ ನೋಡಿದೆ. ತೊಡೆಯ ಮೇಲೆ ಕಲ್ಲಿನಂತೆ ಬಿದ್ದಿದ್ದವು. ನುಡಿಸೋ ಕೈ ನಡುಗೋಕೆ ಶುರುವಾಯ್ತು ಎಂದಿದ್ದ. ತನ್ನ ಕೈ ಎಂದು ಹೇಳಿರಲಿಲ್ಲ.

"ಯಾರ ಕೈ ನಡುಗತ್ತೆ?" ಎಂದು ಕೇಳಿದೆ.

ಅವನು ತಲೆ ತಗ್ಗಿಸಿದ.

"ಯಾರಿಗೆ ಕೊಟ್ಟೆ ಮಾತು?"

"ಬರೋದು ಬೇಡ ಅಂತ ನಾನು ಹೇಳಿದೆ" ಎಂದ ಟೀಗ್. ಕಣ್ಣು ನೆಲದ ಮೇಲಿತ್ತು. "ಅಂಚೇಲಿ ಗಿಟಾರಿಂದು ಒಂದು ಫೋಟೋ ಕಳಿಸಿದ್ರೆ ಸಾಕಿತ್ತು. ಕೇಳಲಿಲ್ಲ. 'ನಾನು ಗಾಡೀಲೇ ಕೂತಿರ್ತೀನಿ, ಯಾರಿಗೆ ಹೋಗತ್ತೆ ಅಂತ ನೋಡಬೇಕು' ಅಂದ."

ಅಮ್ಮ ಹದಿನಾಲ್ಕು ವರ್ಷ ಪ್ರತಿ ಭಾನುವಾರ ಆ ಬೂಟಿನ ಸಮಾಧಿಗೆ ಹೂವಿಟ್ಟಳು. ಕೊನೆಯ ವರ್ಷ ನಡೆಯಲಾಗದೆ ನನ್ನ ಹೆಗಲು ಹಿಡಿದು ಹೋದಳು. ಎಂಬತ್ತೈದರ ಚಳಿಗಾಲದಲ್ಲಿ ಅದರ ಪಕ್ಕದಲ್ಲೇ ಮಲಗಿದಳು. ಆಮೇಲೆ ಯಾವುದೋ ದಿನ, ಯಾವುದೋ ಊರಿನಿಂದ ಒಂದು ಮಧ್ಯದ ಪೆಡಲು ಬೇಕೆಂದು ಕಾಗದ ಬಂದಿರಬೇಕು. ನಾನು ಅದನ್ನು ಹತ್ತಿಯಲ್ಲಿ ಸುತ್ತಿ, ನೆಲ ಅಲುಗಾಡದ ಕಡೆ ಇಟ್ಟು ನುಡಿಸಿ ಎಂದು ಚೀಟಿ ಬರೆದು, ಅಂಚೆಗೆ ಹಾಕಿರಬೇಕು. ಆ ಚೀಟಿಯಲ್ಲಿ ಎಲ್ಲಾದರೂ ಅಡ್ಡಗೆರೆಯ ಏಳು ಇತ್ತೇ?

ಇಪ್ಪತ್ತಮೂರು ವರ್ಷ ಒಬ್ಬನಿಗಾಗಿ ಕೂಡಿಟ್ಟದ್ದು ನನ್ನ ಎದೆಯಲ್ಲಿ ಹಾಗೇ ಇತ್ತು. ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಬದಲಾದದ್ದು ಅದು ಯಾರಿಗೆ ಎಂಬುದು ಮಾತ್ರ.

ಹೊರಗೆ ಇಂಜಿನ್ ನಿಂತಿತು.

ಟ್ರಕ್ಕಿನ ಬಾಗಿಲು ತೆರೆದುಕೊಂಡ ಸದ್ದು. ರಾಯ್ಸ್ ಕಿಟಕಿಯತ್ತ ತಿರುಗಿ, ಕೈಯ ಲೋಟವನ್ನು ಎಲ್ಲಿ ಇಡುವುದೆಂದು ತಿಳಿಯದೆ ಹಿಡಿದೇ ನಿಂತರು. ಆಮೇಲೆ ಡ್ರಾಯರಿನತ್ತ ಸರಿದ ನನ್ನ ಬಲಗೈಯನ್ನು ನೋಡಿದರು.

"ಡ್ರಾಯರ್ ಮುಚ್ಚು, ನೆಡ್ರಾ."

ಜಲ್ಲಿಯ ಮೇಲೆ ಒಂದು ಉದ್ದ ಹೆಜ್ಜೆ. ಆಮೇಲೆ ಒಂದು ಮೋಟು ಹೆಜ್ಜೆ.

"ತಾಯಿ, ಮುಚ್ಚು ಅದನ್ನ."

ನಾನು ಮುಚ್ಚಲಿಲ್ಲ.